ಲಾ ಕಾಲೇಜ್ ಲೈಬ್ರರಿ ಕಲೆಕ್ಷನ್ ಅಳೆಯೋದು ಹೇಗೆ: ಕೋಹಾ, ಓಪನ್‌ರಿಫೈನ್, ಒಂದು ಎಕ್ಸೆಲ್ ಶೀಟ್

ಲಾ ಕಾಲೇಜ್ ಲೈಬ್ರರಿಯಲ್ಲಿ ಇರೋರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಬಾರ್ ಕೌನ್ಸಿಲ್ ಇನ್‌ಸ್ಪೆಕ್ಷನ್‌ಗೆ ಒಂದ್ಸಲ, ಕಾಲೇಜಿನ ಗುಣಮಟ್ಟ ಅಳೆಯೋ ನ್ಯಾಕ್‌ಗೆ ಒಂದ್ಸಲ, ಬಜೆಟ್ ಮೀಟಿಂಗಲ್ಲಿ ಇನ್ನೊಂದ್ಸಲ ಕೇಳ್ತಾರೆ, ನಿಮ್ಮ ಹತ್ರ ಏನಿದೆ, ಅದನ್ನ ಯಾರು ಓದ್ತಾರೆ, ಏನು ಕಮ್ಮಿ ಇದೆ ಅಂತ. ನಾವು ಪುಸ್ತಕ ಬಂದ ಹಾಗೆ ನಂಬರ್ ಹಾಕಿ ಬರೆಯೋ ಆಕ್ಸೆಶನ್ ರಿಜಿಸ್ಟರ್‌ನ ಕೊನೇ ನಂಬರ್ ಹೇಳಿ ಸುಮ್ಮನಾಗಿಬಿಡ್ತೀವಿ. ಆ ನಂಬರ್‌ನಲ್ಲಿ ಕಳೆದುಹೋದ ಪುಸ್ತಕನೂ ಸೇರಿರುತ್ತೆ, ಒಂದೇ ಗೈಡ್‌ನ 40 ಕಾಪಿನೂ ಸೇರಿರುತ್ತೆ, ಹಾಗಾಗಿ ಅದರಿಂದ ಏನೂ ಗೊತ್ತಾಗಲ್ಲ.

ನಾನು ಮಾಡೋ ವಿಧಾನನ ಇಲ್ಲಿ ಬರೀತಿದ್ದೀನಿ, ದುಡ್ಡು ಕೊಟ್ಟು ಏನೂ ಕೊಳ್ಳೋದು ಬೇಡ. ಲೈಬ್ರರಿ ನಡೆಸೋಕೆ ಇರೋ ಕೋಹಾ ಅನ್ನೋ ಫ್ರೀ ಸಾಫ್ಟ್‌ವೇರ್ ಇದ್ರೆ ಸಾಕು. ಅದೇ ಥರದ ಇ-ಗ್ರಂಥಾಲಯ ಅಥವಾ ಸೋಲ್ ಇದ್ರೂ ನಡೆಯುತ್ತೆ, ಡೇಟಾನ ಎಕ್ಸೆಲ್‌ಗೆ ಎಕ್ಸ್‌ಪೋರ್ಟ್ ಮಾಡೋಕೆ ಬಂದ್ರೆ ಆಯ್ತು. ಓಸಿಎಲ್‌ಸಿ ಅನ್ನೋ ಅಮೆರಿಕದ ಲೈಬ್ರರಿ ಸಂಸ್ಥೆಯವರ ಗ್ರೀನ್‌ಗ್ಲಾಸ್, ವರ್ಲ್ಡ್‌ಶೇರ್ ಕಲೆಕ್ಷನ್ ಇವ್ಯಾಲ್ಯುಯೇಶನ್ ಅಂತ ದೊಡ್ಡ ಟೂಲ್‌ಗಳ ಹೆಸರು ಕೇಳಿರ್ತೀರ, ಅವುಗಳ ಶಕ್ತಿ ಇರೋದು ನಿಮ್ಮ ಕಲೆಕ್ಷನ್‌ನ ಬೇರೆ ಲೈಬ್ರರಿಗಳ ಜೊತೆ ಹೋಲಿಸೋದ್ರಲ್ಲಿ, ಆದ್ರೆ ನಿಮ್ಮ ಪುಸ್ತಕಗಳ ಪಟ್ಟಿ ಅವರ ಜಂಟಿ ಕ್ಯಾಟಲಾಗ್ ವರ್ಲ್ಡ್‌ಕ್ಯಾಟ್‌ನಲ್ಲೇ ಇಲ್ಲ ಅಂದ್ರೆ ಹೋಲಿಸೋಕೆ ಏನಿರುತ್ತೆ. ಸಣ್ಣ ಕಾಲೇಜಿಗೆ ಅದರ ಅಗತ್ಯ ಇಲ್ಲ ಅನ್ನೋದು ನನ್ನ ಅಭಿಪ್ರಾಯ.

ಸಾಫ್ಟ್‌ವೇರ್ ತೆಗೆಯೋ ಮುಂಚೆ ಒಂದು ಹಾಳೆ ತಗೊಂಡು, ನಿಮ್ಮ ಕಾಲೇಜು ಯಾವ ವಿಷಯನ ಯಾವ ಮಟ್ಟಕ್ಕೆ ಕಲಿಸುತ್ತೆ ಅಂತ ಬರೆದ್ಕೊಳ್ಳಿ. ಇದಕ್ಕೆ ಕಾನ್‌ಸ್ಪೆಕ್ಟಸ್ ಅನ್ನೋ ಹಳೇ ಅಳತೆಗೋಲು ಇದೆ, 0 ಇಂದ 5ರ ತನಕ. 0 ಅಂದ್ರೆ ನಮಗೆ ಸಂಬಂಧ ಇಲ್ಲ, 1 ತೀರಾ ಕನಿಷ್ಠ, 2 ಬೇಸಿಕ್ ಮಾಹಿತಿ, 3 ಪಾಠಕ್ಕೆ ಸಾಕಾಗೋಷ್ಟು, 4 ರಿಸರ್ಚ್‌ಗೆ ಸಾಕಾಗೋಷ್ಟು, 5 ಇರೋದೆಲ್ಲಾ ಇರ್ಬೇಕು. ಬರೀ ಎಲ್‌ಎಲ್‌ಬಿ ಇದ್ರೆ ಹೆಚ್ಚಿನ ವಿಷಯಕ್ಕೆ 3 ಸಾಕು, ಕಾನ್‌ಸ್ಟಿಟ್ಯೂಶನಲ್ ಲಾದಲ್ಲಿ ಎಲ್‌ಎಲ್‌ಎಂ ಇದ್ರೆ ಅದೊಂದಕ್ಕೆ 4 ಬೇಕು, ಮ್ಯಾರಿಟೈಮ್ ಲಾ ಕಲಿಸೋದೇ ಇಲ್ಲ ಅಂದ್ರೆ 1 ಇದ್ರೂ ಯಾರೂ ತಪ್ಪು ಅನ್ನಲ್ಲ. ಈ ಹಾಳೆ ಇಲ್ದೆ ಕೂತ್ರೆ ಸಾಫ್ಟ್‌ವೇರ್ ಏನೇ ತೋರಿಸಿದ್ರೂ ಅದು ಜಾಸ್ತಿನಾ ಕಮ್ಮಿನಾ ಅಂತ ಹೇಳೋಕಾಗಲ್ಲ.

ಡೇಟಾ ತೆಗೆಯೋದು

ಕೋಹಾದಲ್ಲಿ ರಿಪೋರ್ಟ್ಸ್‌ಗೆ ಹೋಗಿ, ಕ್ರಿಯೇಟ್ ಫ್ರಮ್ ಎಸ್‌ಕ್ಯೂಎಲ್ ಅಂತ ಇರುತ್ತೆ. ಎಸ್‌ಕ್ಯೂಎಲ್ ಅಂದ್ರೆ ಡೇಟಾಬೇಸ್‌ಗೆ ಪ್ರಶ್ನೆ ಕೇಳೋ ಭಾಷೆ, ಅದು ಬರಲ್ಲ ಅಂತ ಹೆದರ್ಬೇಡಿ, ಕೋಹಾ ವಿಕಿಯಲ್ಲಿ ರೆಡಿ ಕ್ವೆರಿಗಳ ದೊಡ್ಡ ಲೈಬ್ರರಿನೇ ಇದೆ, ಹತ್ತಿರದ್ದೊಂದನ್ನ ಕಾಪಿ ಮಾಡಿ ಕಾಲಮ್ ಸೇರಿಸ್ಕೊಂಡ್ರೆ ಆಯ್ತು. ಬೇಕಾಗಿರೋದು ಇಷ್ಟು: ಬಾರ್‌ಕೋಡ್, ಶೀರ್ಷಿಕೆ, ಲೇಖಕ, ಪಬ್ಲಿಷರ್, ಪ್ರಕಟವಾದ ವರ್ಷ, ಎಡಿಶನ್, ಐಎಸ್‌ಬಿಎನ್, ಕಾಲ್ ನಂಬರ್ (ವಿಷಯದ ಪ್ರಕಾರ ಪುಸ್ತಕಕ್ಕೆ ಕೊಡೋ ನಂಬರ್), ಐಟಮ್ ಟೈಪ್, ಲೈಬ್ರರಿಗೆ ಬಂದ ದಿನ, ಬೆಲೆ, ಒಟ್ಟು ಎಷ್ಟು ಸಲ ಇಶ್ಯೂ ಆಗಿದೆ, ಕೊನೇ ಸಲ ಯಾವಾಗ ಇಶ್ಯೂ ಆಗಿದೆ, ಕೊನೇ ಸಲ ಯಾವಾಗ ಸ್ಕ್ಯಾನ್ ಆಗಿದೆ. ಲಾಸ್ಟ್, ವಿತ್‌ಡ್ರಾನ್ ಅಂತ ಗುರುತು ಬಿದ್ದಿರೋದನ್ನೂ ತಗೊಳ್ಳಿ, ಆದ್ರೆ ಬೇರೆ ಶೀಟಲ್ಲಿ ಇಡಿ.

ಇಲ್ಲಿ ಮೂರು ಕಡೆ ಕಾಲು ಜಾರುತ್ತೆ. ಮೊದಲನೇದು, ಒಂದ್ಸಲನೂ ಇಶ್ಯೂ ಆಗದ ಪುಸ್ತಕಕ್ಕೆ ಇಶ್ಯೂ ಕಾಲಮ್‌ನಲ್ಲಿ ಕೆಲವು ಕಡೆ 0 ಇರುತ್ತೆ ಕೆಲವು ಕಡೆ ಏನೂ ಇರಲ್ಲ, ಖಾಲಿ. ಕ್ವೆರಿಯಲ್ಲಿ ಬರೀ 0 ಕೇಳಿದ್ರೆ ಖಾಲಿ ಇರೋವೆಲ್ಲಾ ಪಟ್ಟಿಯಿಂದ ಜಾರಿಕೊಳ್ಳುತ್ತೆ, ಎರಡನ್ನೂ ಕೇಳ್ಬೇಕು. ಎರಡನೇದು ಹಳೇ ಸಾಫ್ಟ್‌ವೇರ್‌ನಿಂದ ಕೋಹಾಗೆ ಬಂದಿರೋ ಲೈಬ್ರರಿಗಳದ್ದು: ಡೇಟಾ ತಂದಾಗ ಶೀರ್ಷಿಕೆ, ಲೇಖಕ ಎಲ್ಲಾ ಬಂದಿರುತ್ತೆ, ಇಶ್ಯೂ ಚರಿತ್ರೆ ಬಂದಿರಲ್ಲ, ಎಲ್ಲಾ ಪುಸ್ತಕನೂ ಒಂದೇ ದಿನ ಲೈಬ್ರರಿಗೆ ಬಂದ ಹಾಗೆ ತೋರಿಸುತ್ತೆ. ಒಂದೇ ತಾರೀಕು ಸಾವಿರಗಟ್ಲೆ ಸಾಲಲ್ಲಿ ಕಂಡ್ರೆ ಅದು ಮೈಗ್ರೇಶನ್ ಮಾಡಿದ ದಿನ ಅಂತ ತಿಳ್ಕೊಳ್ಳಿ, ನಿಮ್ಮ ಲೆಕ್ಕ ಆ ದಿನದಿಂದ ಮಾತ್ರ ಶುರು ಆಗ್ಬೇಕು. ಮೂರನೇದು ಬುಕ್ ಬ್ಯಾಂಕ್. ಬುಕ್ ಬ್ಯಾಂಕ್ ಕಾಪಿ ಒಬ್ಬ ಸ್ಟೂಡೆಂಟ್‌ಗೆ ಪೂರ್ತಿ ಸೆಮಿಸ್ಟರ್‌ಗೆ ಹೋಗುತ್ತೆ, ಸಾಫ್ಟ್‌ವೇರ್‌ನಲ್ಲಿ ಅದು ಒಂದೇ ಇಶ್ಯೂ. 15 ದಿನಕ್ಕೊಂದ್ಸಲ ಕೈ ಬದಲಾಗೋ ಕಾಪಿ ಪಕ್ಕ ಇಟ್ರೆ ಯಾರಿಗೂ ಬೇಡದ ಪುಸ್ತಕದ ಥರ ಕಾಣುತ್ತೆ, ನಿಜವಾಗಿ ಐದು ತಿಂಗಳು ಒಬ್ಬರ ಮನೇಲಿ ದಿನಾ ಓದಿಸ್ಕೊಂಡಿರುತ್ತೆ. ಐಟಮ್ ಟೈಪ್ ನೋಡಿ ಇವನ್ನ ಬೇರೆನೇ ಎಣಿಸಿ.

ಕ್ಲೀನ್ ಮಾಡೋದು

ಅರ್ಧಕ್ಕರ್ಧ ಟೈಮ್ ಇಲ್ಲೇ ಹೋಗುತ್ತೆ, ಹೋಗ್ಲಿ, ಇಲ್ಲಿ ಅವಸರ ಮಾಡಿದ್ರೆ ಮುಂದಿನ ಲೆಕ್ಕ ಎಲ್ಲಾ ಸುಳ್ಳು.

ಕೋಹಾದಿಂದ ಇಳಿಸಿಕೊಂಡ ಸಿಎಸ್‌ವಿ ಫೈಲ್‌ನ ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೀಬೇಡಿ. ಐಎಸ್‌ಬಿಎನ್ ಎಲ್ಲಾ 9.78ಇ+12 ಅಂತ ಆಗಿಬಿಡುತ್ತೆ, ಬಾರ್‌ಕೋಡ್‌ನ ಮುಂದಿನ ಸೊನ್ನೆಗಳು ಹೋಗುತ್ತೆ, ಕನ್ನಡ ಇದ್ರೆ ಎಷ್ಟೋ ಸಲ ಓದೋಕಾಗದ ಹಾಗೆ ಆಗುತ್ತೆ. ಅದರ ಬದಲು ಓಪನ್‌ರಿಫೈನ್ ಹಾಕ್ಕೊಳ್ಳಿ, ಫ್ರೀ ಸಾಫ್ಟ್‌ವೇರ್, ಬ್ರೌಸರ್‌ನಲ್ಲಿ ತೆರೆದ್ರೂ ನಿಮ್ಮ ಕಂಪ್ಯೂಟರ್‌ನಲ್ಲೇ ಓಡುತ್ತೆ, ಡೇಟಾ ಹೊರಗೆ ಹೋಗಲ್ಲ. ಫೈಲ್ ಹಾಕೋವಾಗ ಕನ್ನಡ ಕೆಡದ ಹಾಗೆ ಯುಟಿಎಫ್-8 ಆರಿಸಿ, ನಂಬರ್ ಆಗಿ ಬದಲಾಯಿಸು ಅನ್ನೋ ಟಿಕ್ ತೆಗೀರಿ.

ಪಬ್ಲಿಷರ್ ಕಾಲಮ್ ಮೇಲೆ ಟೆಕ್ಸ್ಟ್ ಫ್ಯಾಸೆಟ್ ಹಾಕಿ ನೋಡಿ, ಒಂದೇ ಪ್ರಕಾಶಕರ ಹೆಸರು ಎಷ್ಟು ಅವತಾರದಲ್ಲಿ ಇದೆ ಅಂತ ಗೊತ್ತಾಗುತ್ತೆ: ಕಂಪನಿ ಅಂತ ಪೂರ್ತಿ ಬರೆದಿದ್ದು, ಚಿಕ್ಕದಾಗಿ ಕೋ ಅಂತ ಬರೆದು ಚುಕ್ಕಿ ಇಟ್ಟಿದ್ದು, ಚುಕ್ಕಿ ಇಲ್ಲದ್ದು, ಊರಿನ ಹೆಸರು ಸೇರಿಸಿದ್ದು. ಕ್ಲಸ್ಟರ್ ಅಂಡ್ ಎಡಿಟ್ ಒತ್ತಿದ್ರೆ ಒಂದೇ ಥರ ಇರೋವನ್ನ ಗುಂಪು ಮಾಡಿ ತೋರಿಸುತ್ತೆ, ಒಂದೊಂದೇ ಗುಂಪು ಓದಿ ಮರ್ಜ್ ಮಾಡಿ, ಸೆಲೆಕ್ಟ್ ಆಲ್ ಮಾತ್ರ ಒತ್ಬೇಡಿ. ಫಿಂಗರ್‌ಪ್ರಿಂಟ್ ವಿಧಾನ ದೊಡ್ಡಕ್ಷರ ಚಿಕ್ಕಕ್ಷರ, ಚುಕ್ಕಿ, ಪದದ ಹಿಂದೆಮುಂದೆ ಇದನ್ನೆಲ್ಲಾ ಹಿಡಿಯುತ್ತೆ. ಪೂರ್ತಿ ಹೆಸರಿನ ಬದಲು ಮೂರಕ್ಷರದ ಶಾರ್ಟ್‌ಫಾರ್ಮ್ ಬರೆದಿದ್ರೆ ಹಿಡಿಯಲ್ಲ, ಅದನ್ನ ಕೈಯಲ್ಲೇ ಸರಿ ಮಾಡ್ಬೇಕು.

ಕನ್ನಡ ಪುಸ್ತಕಗಳ ಕಥೆ ಬೇರೆ, ಇದನ್ನ ಯಾವ ಇಂಗ್ಲಿಷ್ ಗೈಡೂ ಹೇಳ್ಕೊಡಲ್ಲ. ಹಳೇ ಎಂಟ್ರಿಗಳು ನುಡಿ ಅಥವಾ ಬರಹದ ಹಳೇ ಫಾಂಟ್‌ನಲ್ಲಿ ಟೈಪ್ ಆಗಿದ್ರೆ ಅವು ಯೂನಿಕೋಡ್ ಅಲ್ಲ, ಕೋಹಾದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಥರ ಕಾಣುತ್ತೆ, ಹುಡುಕಿದ್ರೆ ಸಿಗಲ್ಲ, ಸಿಗಲ್ಲ ಅಂದ್ಮೇಲೆ ಇಶ್ಯೂನೂ ಆಗಲ್ಲ. ಹುಡುಗ್ರು ಕನ್ನಡ ಪುಸ್ತಕ ಓದಲ್ಲ ಅಂತ ನಾವು ಬೈತೀವಿ, ಕ್ಯಾಟಲಾಗ್‌ನಲ್ಲಿ ಆ ಪುಸ್ತಕ ಅವರ ಕಣ್ಣಿಗೆ ಬಿದ್ದೇ ಇರಲ್ಲ. ಮೊದಲು ಅವನ್ನೆಲ್ಲಾ ಕನ್ವರ್ಟರ್‌ನಲ್ಲಿ ಹಾಕಿ ಯೂನಿಕೋಡ್ ಮಾಡ್ಕೊಳ್ಳಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಶೀರ್ಷಿಕೆ ಬರೆದಿದ್ರೆ ಇನ್ನೊಂದು ತೊಂದರೆ, ಸಂವಿಧಾನ ಅನ್ನೋಕೆ ಒಬ್ಬರು ಎಮ್ ಹಾಕಿರ್ತಾರೆ, ಇನ್ನೊಬ್ಬರು ಎನ್ ಹಾಕಿರ್ತಾರೆ, ಮತ್ತೊಬ್ಬರು ಎರಡು ಎ ಹಾಕಿರ್ತಾರೆ, ಮೂರೂ ಬೇರೆ ಪುಸ್ತಕ ಅಂತ ಎಣಿಕೆ ಆಗುತ್ತೆ. ಯೂನಿಕೋಡ್ ಮಾಡಿದ ಮೇಲೂ ಕಣ್ಣಿಗೆ ಒಂದೇ ಥರ ಕಾಣೋ ಎರಡು ಪದ ಬೇರೆ ಬೇರೆ ಅಂತ ತೋರಿಸಿದ್ರೆ ಒಳಗೆ ಕಾಣದ ಜೀರೋ ವಿಡ್ತ್ ಅಕ್ಷರ ಕೂತಿದೆ ಅಂತ ಅರ್ಥ, ಹೋಲಿಸೋಕೆ ಅಂತ ಇನ್ನೊಂದು ಕಾಲಮ್ ಮಾಡಿ ಅದರಲ್ಲಿ ಮಾತ್ರ ಅದನ್ನ ತೆಗೆದುಹಾಕಿ, ಮೂಲ ಶೀರ್ಷಿಕೆ ಹಾಗೇ ಇರ್ಲಿ.

ಕಾಲ್ ನಂಬರ್ ಒಮ್ಮೆ ಕಣ್ಣಾಡಿಸಿ. ಪುಸ್ತಕಗಳನ್ನ ವಿಷಯವಾರು ವಿಂಗಡಿಸೋ ಡ್ಯೂಯಿ ಪದ್ಧತಿಯಲ್ಲಿ ಭಾರತದ ಕ್ರಿಮಿನಲ್ ಲಾ 345.54, ಅದರ ಪ್ರೊಸೀಜರ್ 345.5405. ಎವಿಡೆನ್ಸ್ ಪುಸ್ತಕಗಳು ಕ್ರಿಮಿನಲ್ ಕಡೆ 345.5406ರಲ್ಲೂ ಸಿವಿಲ್ ಕಡೆ 347.5406ರಲ್ಲೂ ಹಂಚಿಹೋಗಿರುತ್ತೆ. ಎರಡನ್ನೂ ಕೂಡಿಸಿ ನೋಡದಿದ್ರೆ ಎವಿಡೆನ್ಸ್ ಸೆಕ್ಷನ್ ಬಡವಾಗಿದೆ ಅನ್ನೋ ತಪ್ಪು ತೀರ್ಮಾನಕ್ಕೆ ಬರ್ತೀರ.

ಲೆಕ್ಕ ಹಾಕೋದು

ಕ್ಲೀನ್ ಆದ ಶೀಟಲ್ಲಿ ಪಿವಟ್ ಟೇಬಲ್ (ಗುಂಪು ಮಾಡಿ ಎಣಿಸೋ ಟೇಬಲ್) ಮಾಡಿ. ಒಂದೊಂದು ವಿಷಯಕ್ಕೆ ಎಷ್ಟು ಶೀರ್ಷಿಕೆ, ಎಷ್ಟು ಕಾಪಿ, ಪ್ರಕಟವಾದ ವರ್ಷದ ಮೀಡಿಯನ್ (ವರ್ಷಗಳನ್ನ ಸಾಲಾಗಿ ಇಟ್ರೆ ನಡುವೆ ಬರೋದು) ಎಷ್ಟು, ಕಳೆದ ಐದು ವರ್ಷದಲ್ಲಿ ಎಷ್ಟು ಇಶ್ಯೂ. ಐಟಮ್ ಕಾಲಮ್‌ನಲ್ಲಿ ಇರೋದು ಒಟ್ಟು ಇಶ್ಯೂ, ಐದು ವರ್ಷದ್ದು ಬೇಕು ಅಂದ್ರೆ ಕೋಹಾದ ಸ್ಟ್ಯಾಟಿಸ್ಟಿಕ್ಸ್ ಟೇಬಲ್‌ನಿಂದ ತಾರೀಕು ಹಾಕಿ ತೆಗೀಬೇಕು. ವರ್ಷಕ್ಕೆ ಆವರೇಜ್ ಬೇಡ, 1920ರ ಹತ್ತು ಹಳೇ ವಾಲ್ಯೂಮ್ ಇದ್ರೆ ಇಡೀ ಸೆಕ್ಷನ್ ಮುದಿಯಾಗಿ ಕಾಣುತ್ತೆ. ಎಕ್ಸೆಲ್‌ನ ಮಾಮೂಲಿ ಪಿವಟ್‌ನಲ್ಲಿ ಮೀಡಿಯನ್ ಸಿಗಲ್ಲ, ಲಿಬ್ರೆಆಫೀಸ್‌ನಲ್ಲಿ ಸಿಗುತ್ತೆ.

ಆಮೇಲೆ ಒಂದೇ ಒಂದು ಭಾಗಾಕಾರ. ಒಟ್ಟು ಇಶ್ಯೂನಲ್ಲಿ ಆ ವಿಷಯದ ಪಾಲು ಎಷ್ಟು ಪರ್ಸೆಂಟ್, ಅದನ್ನ ಒಟ್ಟು ಪುಸ್ತಕದಲ್ಲಿ ಆ ವಿಷಯದ ಪಾಲಿನಿಂದ ಭಾಗಿಸಿ. ಉದಾಹರಣೆಗೆ ಕ್ರಿಮಿನಲ್ ಲಾ ನಿಮ್ಮ ಕಲೆಕ್ಷನ್‌ನ 12% ಇದ್ದು ಇಶ್ಯೂನಲ್ಲಿ 24% ಇದ್ರೆ ಉತ್ತರ 2, ಅಂದ್ರೆ ಅಲ್ಲಿ ಪುಸ್ತಕ ಸಾಲ್ತಿಲ್ಲ, ಒಂದು ಕಾಪಿಗೆ ಹುಡುಗ್ರು ಕಾಯ್ತಿದ್ದಾರೆ. ಜ್ಯೂರಿಸ್‌ಪ್ರುಡೆನ್ಸ್ 10% ಇದ್ದು ಇಶ್ಯೂ 3% ಇದ್ರೆ 0.3, ಅಂದ್ರೆ ಅಲ್ಲಿ ಏನೋ ವಿಷಯ ಇದೆ, ಹೋಗಿ ನೋಡಿ. ನೋಡಿ ಅಂದೆ, ತೆಗೆದುಹಾಕಿ ಅನ್ನಲಿಲ್ಲ.

ಯಾಕಂದ್ರೆ ಇಶ್ಯೂ ಆಗಿಲ್ಲ ಅಂದ್ರೆ ಓದಿಲ್ಲ ಅಂತ ಅಲ್ಲ. ಒಂದು ವರ್ಷ ನಾನು ಸೊನ್ನೆ ಇಶ್ಯೂ ಪಟ್ಟಿನ ಪ್ರಿಂಟ್ ತಗೊಂಡು ರ್ಯಾಕ್ ಹತ್ರ ಹೋದೆ, ಕಮಿಟಿಗೆ ಕೊಡೋ ಮುಂಚೆ ಒಂದ್ಸಲ ಕಣ್ಣಲ್ಲಿ ನೋಡೋಣ ಅಂತ. ಹಳೇ ಮೈಸೂರು ಕಾಲದ ಗೇಣಿ ಕಾನೂನಿನ ಒಂದು ಕಾಮೆಂಟರಿ, ಬೆನ್ನು ಕಿತ್ತುಹೋಗಿ ಬಟ್ಟೆ ಅಂಟಿಸಿದ್ದು, ಪಟ್ಟಿಯಲ್ಲಿ ಮೊದಲ ಪುಟದಲ್ಲೇ ಇತ್ತು. ತೆಗೆದು ನೋಡಿದ್ರೆ ಮಧ್ಯದಲ್ಲಿ ಗುರುತಿಗೆ ಇಟ್ಟ ಬಸ್ ಟಿಕೆಟ್, ತಾರೀಕು ಆ ವಾರದ್ದೇ. ಪಕ್ಕದ ಪುಟದಲ್ಲಿ ಪೆನ್ಸಿಲ್‌ನಲ್ಲಿ ಎರಡು ಕೇಸ್ ನಂಬರ್. ಯಾರೋ ಬಂದು ಅಲ್ಲೇ ಕೂತು ಓದಿ, ನಾಳೆ ಮತ್ತೆ ಬರ್ತೀನಿ ಅಂತ ಗುರುತು ಇಟ್ಟು ಹೋಗಿದ್ದಾರೆ. ಸಾಫ್ಟ್‌ವೇರ್ ಪ್ರಕಾರ ಆ ಪುಸ್ತಕನ ಯಾರೂ ಮುಟ್ಟೇ ಇಲ್ಲ. ಅವತ್ತಿನಿಂದ ನಾನು ಸೊನ್ನೆ ಪಟ್ಟಿನ ರ್ಯಾಕ್‌ಗೆ ಹೋಗದೆ ಯಾರ ಕೈಗೂ ಕೊಟ್ಟಿಲ್ಲ.

ಕಾನೂನು ಲೈಬ್ರರಿಯಲ್ಲಿ ಇದು ಬೇರೆ ಕಡೆಗಿಂತ ಜಾಸ್ತಿ. ಕೋರ್ಟ್ ತೀರ್ಪುಗಳಿರೋ ಎಐಆರ್, ಎಸ್‌ಸಿಸಿ, ಐಎಲ್‌ಆರ್ ವಾಲ್ಯೂಮ್‌ಗಳು, ಡೈಜೆಸ್ಟ್‌ಗಳು, ಮ್ಯಾನ್ಯುಯಲ್‌ಗಳು ಎಲ್ಲಾ ರೆಫರೆನ್ಸ್, ಹೊರಗೆ ಕೊಡೋದೇ ಇಲ್ಲ, ಇಶ್ಯೂ ಕಾಲಮ್‌ನಲ್ಲಿ ಅವು ಯಾವಾಗ್ಲೂ ಸೊನ್ನೆ. ಇದಕ್ಕೆ ಮಾಡ್ಬೇಕಾದ್ದು ಏನಂದ್ರೆ, ಕೋಹಾದಲ್ಲಿ ರೆಕಾರ್ಡ್ ಲೋಕಲ್ ಯೂಸ್ ಆನ್ ರಿಟರ್ನ್ ಅಂತ ಸಿಸ್ಟಮ್ ಪ್ರಿಫರೆನ್ಸ್ ಇದೆ, ಅದನ್ನ ಆನ್ ಮಾಡಿ, ಓದಿದ ಪುಸ್ತಕನ ರ್ಯಾಕ್‌ಗೆ ಇಡ್ಬೇಡಿ ಟೇಬಲ್ ಮೇಲೇ ಬಿಡಿ ಅಂತ ಬೋರ್ಡ್ ಹಾಕಿ, ಸಂಜೆ ಅಟೆಂಡರ್ ಆ ಪುಸ್ತಕಗಳನ್ನ ಚೆಕ್ ಇನ್ ಸ್ಕ್ರೀನ್‌ನಲ್ಲಿ ಸ್ಕ್ಯಾನ್ ಮಾಡಿ ಎತ್ತಿಡ್ಲಿ. ಇಶ್ಯೂ ಆಗದೇ ಇರೋ ಪುಸ್ತಕ ಹಾಗೆ ಸ್ಕ್ಯಾನ್ ಆದ್ರೆ ಕೋಹಾ ಅದನ್ನ ಲೋಕಲ್ ಯೂಸ್ ಅಂತ ಬರ್ಕೊಳ್ಳುತ್ತೆ. ಒಂದು ಸೆಮಿಸ್ಟರ್ ಮಾಡಿ ನೋಡಿ, ಪರೀಕ್ಷೆ ಟೈಮ್, ಮೂಟ್ ಕೋರ್ಟ್ ಟೈಮ್ ಎರಡೂ ಅದರಲ್ಲಿ ಬರ್ಬೇಕು.

ಹಾಗಂತ ಸೊನ್ನೆಗಳು ಎಲ್ಲಾ ಸುಳ್ಳು ಅಂತನೂ ಅಲ್ಲ. ಅಮೆರಿಕದ ಪಿಟ್ಸ್‌ಬರ್ಗ್ ಯೂನಿವರ್ಸಿಟಿಯಲ್ಲಿ 1969ರಲ್ಲಿ ಕೊಂಡ ಪುಸ್ತಕಗಳನ್ನ ಹಿಂಬಾಲಿಸಿ ಒಂದು ಸ್ಟಡಿ ಮಾಡಿದ್ರು, 1979ರಲ್ಲಿ ಪ್ರಕಟವಾಯ್ತು, ಸುಮಾರು 40% ಪುಸ್ತಕ ಮೊದಲ ಆರು ವರ್ಷದಲ್ಲಿ ಒಂದ್ಸಲನೂ ಇಶ್ಯೂ ಆಗಿರಲಿಲ್ಲ. ನಿಮ್ಮಲ್ಲೂ ದೊಡ್ಡ ಸಂಖ್ಯೆ ಬಂದ್ರೆ ಗಾಬರಿ ಬೇಡ, ಮುಚ್ಚಿಡೋದೂ ಬೇಡ.

ರದ್ದಾದ ಕಾಯ್ದೆಗಳ ಪಟ್ಟಿ

ಬೇರೆ ಲೈಬ್ರರಿಯವರು ಹತ್ತು ವರ್ಷ ಹಳೇದಾದ್ರೆ ತೆಗಿ ಅಂತ ಒಂದು ರೂಲ್ ಹಾಕ್ಕೊಂಡುಬಿಡಬಹುದು. ನಮ್ಮಲ್ಲಿ ಅದು ನಡೆಯಲ್ಲ. 2024 ಜುಲೈ 1ಕ್ಕೆ ಐಪಿಸಿ (ದಂಡ ಸಂಹಿತೆ), ಸಿಆರ್‌ಪಿಸಿ (ಕ್ರಿಮಿನಲ್ ಪ್ರೊಸೀಜರ್), ಎವಿಡೆನ್ಸ್ ಆಕ್ಟ್ ಮೂರೂ ಹೋಗಿ ಅದೇ ಕ್ರಮದಲ್ಲಿ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ), ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ), ಬಿಎಸ್‌ಎ (ಭಾರತೀಯ ಸಾಕ್ಷ್ಯ ಅಧಿನಿಯಮ) ಬಂತು. 511 ಸೆಕ್ಷನ್ ಇದ್ದ ಐಪಿಸಿ ಜಾಗದಲ್ಲಿ 358 ಸೆಕ್ಷನ್‌ನ ಬಿಎನ್‌ಎಸ್, ಕೊಲೆಗೆ ಶಿಕ್ಷೆ 302ರಲ್ಲಿ ಇದ್ದಿದ್ದು 103ಕ್ಕೆ ಬಂತು, ಮೋಸ 420 ಇದ್ದಿದ್ದು 318 ಆಯ್ತು. ಒಂದೇ ರಾತ್ರಿಯಲ್ಲಿ 345.54 ರ್ಯಾಕ್ ಪೂರ್ತಿ ಹಳೇದು. ಆದ್ರೆ ಆ ದಿನಕ್ಕಿಂತ ಮುಂಚೆ ನಡೆದ ಅಪರಾಧಕ್ಕೆ ಐಪಿಸಿನೇ ಅನ್ವಯ, ಆ ಕೇಸುಗಳು ಅಪೀಲು ಅದು ಇದು ಅಂತ ಇನ್ನೂ ಎಷ್ಟೋ ವರ್ಷ ಕೋರ್ಟಲ್ಲಿ ಇರುತ್ತೆ. ಹಳೇದು ಬೇಡ ಅಂದ್ರೆ ತಪ್ಪು, ಹಳೇದು ಮಾತ್ರ ಇದ್ರೆ ಇನ್ನೂ ದೊಡ್ಡ ತಪ್ಪು.

ಅದಕ್ಕೆ ನಾನು ಬೇರೆ ಒಂದು ಸಣ್ಣ ಶೀಟ್ ಇಟ್ಟಿದ್ದೀನಿ. ಹಳೇ ಕಾಯ್ದೆ, ಹೊಸ ಕಾಯ್ದೆ, ಬದಲಾದ ತಾರೀಕು, ಸ್ಥಿತಿ, ಇಷ್ಟೇ ಕಾಲಮ್. ಕಂಪನೀಸ್ ಆಕ್ಟ್ 1956 ಹೋಗಿ 2013ರದ್ದು, ಕನ್‌ಸ್ಯೂಮರ್ ಪ್ರೊಟೆಕ್ಷನ್ 1986 ಹೋಗಿ 2019ರದ್ದು, ಇನ್‌ಕಮ್ ಟ್ಯಾಕ್ಸ್ 1961ರ ಜಾಗಕ್ಕೆ 2026 ಏಪ್ರಿಲ್ 1ರಿಂದ 2025ರ ಆಕ್ಟ್, ಹೀಗೆ. ಶೀರ್ಷಿಕೆ ಮತ್ತೆ ಸಬ್ಜೆಕ್ಟ್ ಹೆಡಿಂಗ್‌ನಲ್ಲಿ ಆ ಕಾಯ್ದೆ ಹೆಸರು ಇರೋ ಪುಸ್ತಕಗಳನ್ನ ಫಿಲ್ಟರ್ ಮಾಡಿ ಒಂದು ಗುರುತು ಹಾಕ್ತೀನಿ. ಕನ್ನಡದಲ್ಲಿ ಒಬ್ಬರು ಭಾರತ ದಂಡ ಸಂಹಿತೆ ಅಂತಾರೆ, ಇನ್ನೊಬ್ಬರು ಭಾರತೀಯ ದಂಡ ಸಂಹಿತೆ ಅಂತಾರೆ, ಬರೀ ದಂಡ ಸಂಹಿತೆ ಅಂತ ಹುಡುಕಿದ್ರೆ ಎರಡೂ ಸಿಗುತ್ತೆ.

ಸ್ಥಿತಿಗೆ ಮೂರೇ ಆಯ್ಕೆ: ಜಾರಿಯಲ್ಲಿದೆ, ರದ್ದಾಗಿದೆ ಆದ್ರೆ ಕೇಸ್ ನಡೀತಿದೆ, ಬರೀ ಇತಿಹಾಸಕ್ಕೆ. ಮಧ್ಯದ ಗುಂಪಲ್ಲಿ ಕೊನೇ ಎಡಿಶನ್‌ನ ದೊಡ್ಡ ಕಾಮೆಂಟರಿ ಎರಡು ಮೂರು ಕಾಪಿ ಉಳಿಸಿ, ಅದೇ ಪುಸ್ತಕದ ಹಳೇ ಎಡಿಶನ್, ಪರೀಕ್ಷೆಗೆ ಅಂತ ತಂದ ಗೈಡ್‌ಗಳ ಹತ್ತಾರು ಕಾಪಿ ಇವನ್ನ ಮೊದಲು ರ್ಯಾಕ್‌ನಿಂದ ಇಳಿಸಿ. ಫಸ್ಟ್ ಸೆಮಿಸ್ಟರ್ ಹುಡುಗಿಯೊಬ್ಬಳು ಮುಂದೆ ಸಿಕ್ಕಿದ್ದೇ ಪುಸ್ತಕ ಅಂತ ಹಳೇ ಐಪಿಸಿ ಗೈಡ್ ಓದ್ಕೊಂಡು ಪರೀಕ್ಷೆಗೆ ಹೋದ್ರೆ ಅದು ಅವಳ ತಪ್ಪಲ್ಲ, ರ್ಯಾಕ್ ಇಟ್ಟ ನಮ್ಮದು.

ಲಾ ಜರ್ನಲ್‌ಗಳ ಸೆಟ್ ನೋಡೋವಾಗ ಒಂದು ನೆನಪಿರ್ಲಿ. ನಮ್ಮ ರಾಜ್ಯದ ಹೆಸರು ಬದಲಾಗಿದ್ದು 1973 ನವೆಂಬರ್ 1ಕ್ಕೆ, ಮೈಸೂರು ಹೆಸರಲ್ಲಿ ಬರ್ತಿದ್ದ ಲಾ ರಿಪೋರ್ಟ್‌ಗಳು ಆಮೇಲೆ ಕರ್ನಾಟಕ ಹೆಸರಲ್ಲಿ ಬಂದ್ವು. ಕ್ಯಾಟಲಾಗ್‌ನಲ್ಲಿ ಎರಡು ರೆಕಾರ್ಡ್ ಇದ್ದು ಒಂದಕ್ಕೊಂದು ಕೊಂಡಿ ಇಲ್ದಿದ್ರೆ, ಒಂದು ಅರ್ಧಕ್ಕೆ ನಿಂತಿದೆ, ಇನ್ನೊಂದು ಮಧ್ಯದಿಂದ ಶುರುವಾಗಿದೆ ಅಂತ ಸಾಫ್ಟ್‌ವೇರ್ ಹೇಳುತ್ತೆ. ಹಳೇ ಮೈಸೂರು ಭಾಗ ಯಾರೂ ಕೇಳಲ್ಲ ಅಂತ ಗೋಡೌನ್‌ಗೆ ಹೋಗೋದು ಹೀಗೇನೇ, ಜಮೀನು ಕೇಸ್ ಮಾಡೋರಿಗೆ ಬೇಕಾಗೋದೂ ಅದೇ.

ಏನು ಕಮ್ಮಿ ಇದೆ

ಇಲ್ಲೀವರೆಗೆ ಇರೋದರ ಲೆಕ್ಕ ಆಯ್ತು. ಇಲ್ಲದ್ದಕ್ಕೆ ಯೂನಿವರ್ಸಿಟಿ ಸಿಲಬಸ್ ತಗೊಂಡು ಅದರಲ್ಲಿ ಹೇಳಿರೋ ಪುಸ್ತಕಗಳನ್ನೆಲ್ಲಾ ಒಂದು ಶೀಟಿಗೆ ಟೈಪ್ ಮಾಡಿ ನಿಮ್ಮ ಪಟ್ಟಿ ಜೊತೆ ಮ್ಯಾಚ್ ಮಾಡಿ. ಐಎಸ್‌ಬಿಎನ್‌ನಿಂದ ಮ್ಯಾಚ್ ಮಾಡಿದ್ರೆ ಹಳೇ ಎಡಿಶನ್ ಇದ್ರೂ ಇಲ್ಲ ಅನ್ನುತ್ತೆ, ಶೀರ್ಷಿಕೆಯಿಂದ ಮಾಡಿದ್ರೆ 1998ರ ಎಡಿಶನ್ ಇದ್ರೂ ಇದೆ ಅನ್ನುತ್ತೆ. ಶೀರ್ಷಿಕೆ ಮತ್ತೆ ಲೇಖಕರಿಂದ ಮ್ಯಾಚ್ ಮಾಡಿ ಪಕ್ಕದಲ್ಲಿ ನಿಮ್ಮ ಹತ್ರ ಇರೋ ಕೊನೇ ಎಡಿಶನ್ ವರ್ಷ ಬರೆಯೋದೇ ಸರಿ. ಒಂದೊಂದು ವಿಷಯದ ಲೆಕ್ಚರರ್ ಹತ್ರ ಹೋಗಿ ಆ ಪಟ್ಟಿ ತೋರ್ಸಿ, ಸರ್, ಇದರಲ್ಲಿ ನೀವು ಪಾಠಕ್ಕೆ ನಿಜವಾಗ್ಲೂ ಬಳಸೋದು ಯಾವುದು ಅಂತ ಕೇಳಿ. ಮೇಲ್ ಕಳಿಸಿದ್ರೆ ಉತ್ತರ ಬರಲ್ಲ, ಸ್ಟಾಫ್ ರೂಮಿಗೇ ಹೋಗ್ಬೇಕು.

ಆನ್‌ಲೈನ್ ಡೇಟಾಬೇಸ್‌ಗೆ ವೆಂಡರ್ ಹತ್ರ ಕೌಂಟರ್ ರಿಪೋರ್ಟ್ (ಎಷ್ಟು ಬಳಕೆ ಆಗಿದೆ ಅನ್ನೋ ಲೆಕ್ಕ) ಕೇಳಿ. ಅದರಲ್ಲಿ ಟೋಟಲ್ ಐಟಮ್ ರಿಕ್ವೆಸ್ಟ್ಸ್ ನಂಬರ್ ದೊಡ್ಡದಾಗಿರುತ್ತೆ, ಒಂದೇ ಲೇಖನನ ಒಬ್ಬನೇ ಒಂದೇ ಸಲಕ್ಕೆ ಎರಡು ಮೂರು ರೀತಿ ತೆರೆದ್ರೂ ಎಲ್ಲಾ ಎಣಿಸುತ್ತೆ, ಯೂನಿಕ್ ಐಟಮ್ ರಿಕ್ವೆಸ್ಟ್ಸ್ ನೋಡಿ. ಕಟ್ಟಿದ ದುಡ್ಡನ್ನ ಅದರಿಂದ ಭಾಗಿಸಿದ್ರೆ ಒಂದು ಬಳಕೆಗೆ ಎಷ್ಟು ಬಿತ್ತು ಗೊತ್ತಾಗುತ್ತೆ. ಆಕ್ಸೆಸ್ ಡಿನೈಡ್ ರಿಪೋರ್ಟನ್ನೂ ತಪ್ಪದೆ ಕೇಳಿ, ಹುಡುಗ್ರು ಏನನ್ನ ತೆರೆಯೋಕೆ ಹೋಗಿ ಬಾಗಿಲು ಮುಚ್ಚಿತ್ತು ಅನ್ನೋದು ಅದರಲ್ಲಿ ಇರುತ್ತೆ, ಮುಂದಿನ ವರ್ಷದ ಖರೀದಿಗೆ ಅದಕ್ಕಿಂತ ಒಳ್ಳೇ ಪಟ್ಟಿ ಬೇಕಾ. ಸರ್ಕಾರಿ ಕಾಲೇಜ್ ಆಗಿದ್ರೆ 2025 ಜನವರಿಯಿಂದ ಶುರುವಾದ ಒನ್ ನೇಶನ್ ಒನ್ ಸಬ್‌ಸ್ಕ್ರಿಪ್ಶನ್ ಅನ್ನೋ ಕೇಂದ್ರ ಸರ್ಕಾರದ ಯೋಜನೆಯಲ್ಲಿ 30 ಪಬ್ಲಿಷರ್‌ಗಳ ಸುಮಾರು 13,000 ಜರ್ನಲ್ ಇದೆ, ಅದರಲ್ಲಿ ಸಿಗೋದಕ್ಕೆ ಮತ್ತೆ ದುಡ್ಡು ಕಟ್ತಿದ್ದೀರಾ ಅಂತ ಮೊದಲು ನೋಡ್ಕೊಳ್ಳಿ.

ರ್ಯಾಕ್‌ಗೆ ಹೋಗಿ ಮುಗಿಸೋದು

ಸ್ಟಾಕ್ ವೆರಿಫಿಕೇಶನ್ ಹೇಗೂ ಮಾಡ್ಲೇಬೇಕು, ಈ ಕೆಲಸನ ಅದರ ಜೊತೆಗೇ ಸೇರಿಸಿಬಿಡಿ. ಕೇಂದ್ರದ ಜನರಲ್ ಫೈನಾನ್ಶಿಯಲ್ ರೂಲ್ಸ್ 2017ರ ರೂಲ್ 215ರ ಪ್ರಕಾರ 20,000 ವಾಲ್ಯೂಮ್ ತನಕ ಇದ್ರೆ ಪ್ರತಿ ವರ್ಷ ಪೂರ್ತಿ ವೆರಿಫಿಕೇಶನ್, 50,000 ತನಕ ಇದ್ರೆ ಮೂರು ವರ್ಷಕ್ಕೊಮ್ಮೆಯಾದ್ರೂ. ಇಶ್ಯೂ ಆದ ಅಥವಾ ಅಲ್ಲೇ ಓದಿದ 1000 ವಾಲ್ಯೂಮ್‌ಗೆ ವರ್ಷಕ್ಕೆ 5 ಕಳೆದುಹೋದ್ರೆ ಅದನ್ನ ಸಹಜ ಅಂತ ಒಪ್ತಾರೆ, ಯಾರದ್ದೂ ಮೋಸ ಅಥವಾ ಬೇಜವಾಬ್ದಾರಿ ಇರಬಾರದು ಅಷ್ಟೇ, 1000 ರೂಪಾಯಿಗಿಂತ ಬೆಲೆ ಇರೋದು ಮತ್ತೆ ಅಪರೂಪದ ಪುಸ್ತಕ ಆದ್ರೆ ವಿಚಾರಣೆ ಆಗ್ಲೇಬೇಕು. ಇದು ಕೇಂದ್ರ ಸರ್ಕಾರದ ಸಂಸ್ಥೆಗಳಿಗೆ, ನಿಮ್ಮ ಮ್ಯಾನೇಜ್‌ಮೆಂಟ್ ನಿಯಮ ಬೇರೆ ಇದ್ರೆ ಅದನ್ನ ಓದ್ಕೊಳ್ಳಿ. ಲಾ ಪುಸ್ತಕದ ಇವತ್ತಿನ ರೇಟಿಗೆ 1000 ದಾಟೋದು ದೊಡ್ಡ ವಿಷಯ ಅಲ್ಲ, ಹಾಗಾಗಿ ಕಳೆದುಹೋದದ್ದನ್ನ ಲೆಕ್ಕದಿಂದ ತೆಗೆಯೋ ರೈಟ್ ಆಫ್ ಪಟ್ಟಿ ಮಾಡೋವಾಗ ಬೆಲೆ ಕಾಲಮ್ ಖಾಲಿ ಇರೋದನ್ನ ಮೊದಲೇ ಬಿಲ್ ನೋಡಿ ತುಂಬಿಸಿ.

ಸ್ಕ್ಯಾನ್ ಮಾಡೋವಾಗ ಜೊತೆಗೆ ಒಬ್ಬರನ್ನ ಕೂರಿಸ್ಕೊಂಡು, ಸೊನ್ನೆ ಪಟ್ಟಿಯಲ್ಲಿರೋ ಪುಸ್ತಕ ಬಂದ ಹಾಗೆ ಕೈಗೆ ತಗೊಂಡು ನೋಡಿ: ಗೆದ್ದಲು ಹಿಡಿದಿದ್ಯಾ, ಕಾಯ್ದೆ ಶೀಟಲ್ಲಿ ಗುರುತು ಇದ್ಯಾ, ಹೊಸ ಎಡಿಶನ್ ಪಕ್ಕದಲ್ಲೇ ಇದ್ಯಾ, ಒಳಗೆ ಯಾರಾದ್ರೂ ಓದಿದ ಗುರುತು ಇದ್ಯಾ. ಇಡು, ರಿಪೇರಿ, ಗೋಡೌನ್, ತೆಗಿ ಅಂತ ನಾಲ್ಕು ಬಣ್ಣದ ಚೀಟಿ ಇಟ್ಕೊಂಡ್ರೆ ಕೆಲಸ ಬೇಗ ಆಗುತ್ತೆ. ತೆಗಿ ಅಂತ ಚೀಟಿ ಹಾಕಿದ್ದನ್ನ ಒಂದು ತಿಂಗಳು ಸ್ಟಾಫ್ ರೂಮ್ ಪಕ್ಕದ ಟೇಬಲ್ ಮೇಲೆ ಜೋಡಿಸಿಡಿ, ಬೇಕು ಅನ್ನೋರು ಹೆಸರು ಬರೆದು ಉಳಿಸ್ಕೊಳ್ಳಲಿ, ಉಳಿದದ್ದು ಲೈಬ್ರರಿ ಕಮಿಟಿಗೆ.

ಕಮಿಟಿಗೆ ಕೊಡೋ ರಿಪೋರ್ಟ್ ಎರಡು ಪುಟ ದಾಟಬಾರದು, ಪ್ರಿನ್ಸಿಪಾಲ್ ಸರ್ ಮೂರನೇ ಪುಟ ತಿರುಗಿಸಲ್ಲ. ವಿಷಯವಾರು ಒಂದು ಟೇಬಲ್, ಕಾನ್‌ಸ್ಪೆಕ್ಟಸ್‌ನಲ್ಲಿ ಇರ್ಬೇಕಾದ ಮಟ್ಟ ಮತ್ತೆ ಈಗಿರೋ ಮಟ್ಟ, ಆ ಭಾಗಾಕಾರದ ಸಂಖ್ಯೆ, ಈ ವರ್ಷ ಕೊಳ್ಳಬೇಕಾದ ಪುಸ್ತಕದ ಹೆಸರು, ಅದಕ್ಕೆ ಬೇಕಾದ ದುಡ್ಡು. ಡೇಟಾದಲ್ಲಿ ಏನು ಸಿಕ್ಕಿಲ್ಲ ಅನ್ನೋದನ್ನೂ ಒಂದು ಸಾಲಲ್ಲಿ ಹೇಳಿ, ಇಂಥ ವರ್ಷಕ್ಕಿಂತ ಹಿಂದಿನ ಇಶ್ಯೂ ಲೆಕ್ಕ ನಮ್ಮ ಹತ್ರ ಇಲ್ಲ ಅಂತ.

ಕೊನೇದಾಗಿ, ಓಪನ್‌ರಿಫೈನ್‌ನಲ್ಲಿ ಅನ್‌ಡೂ ರೀಡೂ ಅನ್ನೋ ಟ್ಯಾಬ್‌ಗೆ ಹೋಗಿ ಎಕ್ಸ್‌ಟ್ರ್ಯಾಕ್ಟ್ ಒತ್ತಿ, ನೀವು ಮಾಡಿದ ಕ್ಲೀನಿಂಗ್ ಎಲ್ಲಾ ಒಂದು ಟೆಕ್ಸ್ಟ್ ಆಗಿ ಸಿಗುತ್ತೆ, ಅದನ್ನ ಎಸ್‌ಕ್ಯೂಎಲ್ ಕ್ವೆರಿ ಮತ್ತೆ ಕಾಯ್ದೆ ಶೀಟ್ ಜೊತೆ ಒಂದೇ ಫೋಲ್ಡರ್‌ನಲ್ಲಿ ಇಟ್ಟು ಪೆನ್‌ಡ್ರೈವ್‌ಗೂ ಒಂದು ಕಾಪಿ ಹಾಕಿ. ಮುಂದಿನ ವರ್ಷ ಹೊಸ ಡೇಟಾ ಹಾಕಿ ಅಪ್ಲೈ ಒತ್ತಿದ್ರೆ ವಾರಗಟ್ಲೆ ಮಾಡಿದ ಕೆಲಸದ ಬಹುಪಾಲು ನಿಮಿಷದಲ್ಲಿ ಆಗುತ್ತೆ, ನಿಮಗೆ ಟ್ರಾನ್ಸ್‌ಫರ್ ಆದ್ರೂ ನಿಮ್ಮ ಕುರ್ಚಿಗೆ ಬಂದೋರು ಅಲ್ಲಿಂದಲೇ ಮುಂದುವರಿಸಬಹುದು.